ಗುಂಜಿ ಮತ್ತು ಉಜ್ಜಿದ ರೂಪಾಯಿಗಳು

ನನ್ನ ತಮ್ಮ ವಾರಕ್ಕೆ ಆರು ದಿನ ಕುರಿ ಕಡಿಯುತ್ತಾನೆ. ಸೋಮವಾರ ಅಂಗಡಿಗೆ ರಜೆ. ಅವತ್ತು ಮಧ್ಯಾಹ್ನ ಮಾಂಸ ಕೊಚ್ಚುವ ಕೊರಡಿಗೆ ಬಿಸಿನೀರು ಹುಯ್ದು, ಕೆರೆದು, ಒರೆಸಿ, ಮೇಲೆ ಬಿಳಿ ಬಟ್ಟೆ ಹಾಸಿ, ಹಳೆಯ ನಾಣ್ಯಗಳನ್ನು ಗುರುತಿಸುವುದು ಹೇಗೆಂದು ಹೊಸಬರಿಗೆ ಹೇಳಿಕೊಡುತ್ತಾನೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ಬೈಗುಳ ಮಾತ್ರ ಧಾರಾಳ. ಯಾರಾದರೂ ನಾಣ್ಯದ ಮುಖದ ಮೇಲೆ ಹೆಬ್ಬೆರಳು ಊರಿದರೋ, ಮಚ್ಚಿನ ಹಿಂಬದಿಯಿಂದ ಗೆಣ್ಣಿನ ಮೇಲೆ ಒಂದು ಬೀಳುತ್ತದೆ.

"ಅಂಚು ಹಿಡ್ಕೊಳ್ರೀ, ಅಂಚು! ನಿಮ್ಮ ಬೆವರನ್ನ ರಾಣಿ ಮುಖಕ್ಕೆ ಯಾಕ್ರೀ ಬಳೀತೀರಾ?"

ಏಟು ತಿಂದವರು ಮುಂದಿನ ಸೋಮವಾರ ಮತ್ತೆ ಬರುತ್ತಾರೆ. ಏಟು ತಿನ್ನುವುದಕ್ಕೆ ಜನ ಹೀಗೆ ಚಪ್ಪಲಿ ಬಿಟ್ಟು ಸಾಲಾಗಿ ಕೂರುವುದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಬೇಡದ ಏಟು ತಿಂದವಳು ನಾನು.

ತಮ್ಮನಿಗೆ ಗುಂಜಿ ಎಂದು ಹೆಸರಿಟ್ಟವನು ಅಪ್ಪ. ಹುಟ್ಟಿದಾಗ ಅಕ್ಕಸಾಲಿಗನ ತಕ್ಕಡಿಯಲ್ಲಿ ಇಡುವ ಗುಲಗಂಜಿ ಕಾಳಿನಷ್ಟು ಸಣ್ಣಗಿದ್ದನಂತೆ. ಈಗ ಬಾಗಿಲಲ್ಲಿ ಅಡ್ಡ ತಿರುಗಿ ಒಳಗೆ ಬರುವ ಗಾತ್ರ. ಹೆಸರು ಮಾತ್ರ ಹಾಗೇ ಉಳಿದಿದೆ.

ಅಪ್ಪನೂ ಇದೇ ಅಂಗಡಿಯಲ್ಲಿ ಕೂತವನು. ಒಳ್ಳೆಯ ಕಸಬುದಾರ, ಕೆಟ್ಟ ಮನುಷ್ಯ. ಸತ್ತವರ ಬಗ್ಗೆ ಹೀಗೆಲ್ಲ ಹೇಳಬಾರದು ಅನ್ನುವವರು ಅವನ ಮನೆಯಲ್ಲಿ ಬೆಳೆದವರಲ್ಲ. ಅಮ್ಮ ಬಾಯಿ ಬಿಟ್ಟರೆ ಒಂದು ಏಟು, ಬಿಡದಿದ್ದರೆ ಎರಡು. ಗುಂಜಿಗೆ ಏಳು ವರ್ಷ, ನನಗೆ ಹತ್ತು ಇದ್ದಾಗ ಒಂದು ದಿನ ಅಪ್ಪ ಹೊರಗೆ ಹೋಗಿದ್ದ, ಗುಂಜಿ ಗಲ್ಲಾದ ಮುಂದೆ ಕೂತಿದ್ದ. ಯಾರೋ ಒಬ್ಬ ಐದು ರೂಪಾಯಿಯ ದಪ್ಪ ನಾಣ್ಯ ಕೊಟ್ಟು ಮಾಂಸ ಕಟ್ಟಿಸಿಕೊಂಡು ಹೋದ. ಅಪ್ಪ ಬಂದವನೇ ಅದನ್ನು ಕೊರಡಿನ ಮೇಲೆ ಎಸೆದ. ಟಣ್ ಅನ್ನಬೇಕಿತ್ತು, ದಪ್ ಅಂದಿತು. ಸೀಸ ಕರಗಿಸಿ ಹುಯ್ದ ಖೋಟಾ ನಾಣ್ಯ.

"ಯಾವ ಕೈಯಲ್ಲಿ ಇಸ್ಕೊಂಡೆ?"

ಗುಂಜಿ ಎಡಗೈ ತೋರಿಸಿದ. ಇಸಿದುಕೊಂಡದ್ದು ಬಲಗೈಯಲ್ಲಿ, ಆದರೆ ಬಲಗೈ ಮುಂದೆ ಬೇಕಾಗುತ್ತದೆ ಎಂದು ಆ ವಯಸ್ಸಿಗೇ ಅವನಿಗೆ ಹೊಳೆದಿತ್ತು. ಅಪ್ಪ ಆ ಕೈಯನ್ನು ಕೊರಡಿಗೆ ಒತ್ತಿ ಹಿಡಿದು ಕಿರುಬೆರಳಿನ ತುದಿಯನ್ನು ಕತ್ತರಿಸಿಹಾಕಿದ. ಒಂದೇ ಏಟು. ನಾನು ಅವನ ಕೈಯನ್ನು ನನ್ನ ಲಂಗದಲ್ಲಿ ಸುತ್ತಿಕೊಂಡು ಡಾಕ್ಟರ ಹತ್ತಿರ ಎಳೆದುಕೊಂಡು ಓಡಿದೆ. ಲಂಗವೆಲ್ಲ ನೆನೆದು ಕಾಲಿಗೆ ಅಂಟುತ್ತಿತ್ತು. ಗುಂಜಿ ಅಳಲಿಲ್ಲ. "ಅಕ್ಕ, ಅದು ಖೋಟಾ ಅಂತ ಅಪ್ಪನಿಗೆ ಅಷ್ಟು ಬೇಗ ಹೇಗೆ ಗೊತ್ತಾಯ್ತು?" ಅಂತ ದಾರಿಯುದ್ದಕ್ಕೂ ನನ್ನ ತಲೆ ತಿಂದ.

ಅಂದಿನಿಂದ ಕೈಗೆ ಬಂದ ಒಂದೊಂದು ನಾಣ್ಯವನ್ನೂ ಎತ್ತಿ ನೋಡಿದ, ತಿರುಗಿಸಿ ನೋಡಿದ, ಬೀಳಿಸಿ ಕೇಳಿದ. ಭಯಕ್ಕೆ ಶುರುವಾದದ್ದು ಹುಚ್ಚಾಯಿತು. ಗುಜರಿ ಅಂಗಡಿ, ಹಳೆ ಪಾತ್ರೆಯವರು, ಮುದುಕಿಯರ ತವರದ ಡಬ್ಬಿ, ಒಂದನ್ನೂ ಬಿಡಲಿಲ್ಲ. ಮಾಂಸ ತೂಗಿ ಪಳಗಿದ ಕೈ ಬೇರೆ. ಬೆಳ್ಳಿ ರೂಪಾಯಿಯನ್ನು ಅಂಗೈಗೆ ಹಾಕಿದರೆ ತೂಕ ಸರಿಯಿದೆಯೋ ಇಲ್ಲವೋ ಹೇಳಿಬಿಡುತ್ತಾನೆ. ತಕ್ಕಡಿ ಬೇಕಾದದ್ದು ನಂಬದವರಿಗೆ.

"ಮೊದಲು ತೂಕ," ಅನ್ನುತ್ತಾನೆ ಹೊಸಬರಿಗೆ. "ಹನ್ನೊಂದು ಗ್ರಾಮ್ ಅರುವತ್ತಾರು. ಸವೆದು ಒಂಚೂರು ಕಮ್ಮಿ ಇದ್ರೆ ಇರ್ಲಿ, ಜಾಸ್ತಿ ಇದ್ರೆ ಅನುಮಾನ ಪಡಿ. ಆಮೇಲೆ ತಲೆ. ರಾಣಿನಾ, ರಾಜನಾ? ರಾಜನ ತಲೆ ಮೇಲೆ ಕಿರೀಟ ಇಲ್ವಾ? ಹಾಗಾದ್ರೆ ರಾಣಿ ಮಗ, ಸಾವಿರದ ಒಂಬೈನೂರ ಮೂರರಿಂದ ಹತ್ತರ ಒಳಗಿನದು. ರಾಣಿ ಆದ್ರೆ ಹೆಸರಿನ ಜೊತೆ ಕ್ವೀನ್ ಅಂತಿದೆಯಾ, ಎಂಪ್ರೆಸ್ ಅಂತಿದೆಯಾ ನೋಡಿ. ಕ್ವೀನ್ ಹಳೇದು. ಸಾವಿರದ ಎಂಟುನೂರ ಅರುವತ್ತೆರಡನೇ ಇಸವಿ ಕಂಡ ತಕ್ಷಣ ಕುಣೀಬೇಡಿ, ಅದೇ ಇಸವಿ ಹಾಕ್ಕೊಂಡು ಹತ್ತು ವರ್ಷದ ಮೇಲೆ ಒತ್ತಿದ್ದಾರೆ. ಹಿಂದೆ ಚುಕ್ಕಿ ಎಷ್ಟಿದೆ ಎಣಿಸಿ, ಒತ್ತಿದ ವರ್ಷ ಅದರಿಂದ ಗೊತ್ತಾಗುತ್ತೆ. ಅಯಸ್ಕಾಂತಕ್ಕೆ ಅಂಟಿದ್ರೆ ಬೆಳ್ಳಿ ಅಲ್ಲ. ಆದ್ರೆ ನಲವತ್ತೇಳರ ಹುಲಿ ರೂಪಾಯಿ ಅಂಟುತ್ತೆ, ಅದು ನಿಕ್ಕಲ್. ಅದನ್ನ ಖೋಟಾ ಅಂತ ಬಿಸಾಕಿದ ಪುಣ್ಯಾತ್ಮರೂ ಇದ್ದಾರೆ."

ಸಾವಿರದ ಒಂಬೈನೂರ ಹನ್ನೊಂದರ ರೂಪಾಯಿ ಬಂದರೆ ಅವನಿಗೆ ಖುಷಿ. ರಾಜನ ಅಂಗಿಯ ಮೇಲೆ ಒಂದು ಪುಟ್ಟ ಆನೆ ಕೆತ್ತಿದ್ದಾರೆ. ಸೊಂಡಿಲು ಮೋಟು. ಅದು ಹಂದಿ ಅಂತ ಆ ಕಾಲದ ಜನ ಗಲಾಟೆ ಮಾಡಿ, ಮರುವರ್ಷ ಸೊಂಡಿಲು ಉದ್ದ ಮಾಡಿಸಿದರಂತೆ. "ದಿನಾ ಪ್ರಾಣಿ ಬಿಡಿಸಿ ಇಡೋನು ನಾನು, ನನ್ನನ್ನ ಕೇಳಿ," ಅನ್ನುತ್ತಾನೆ ಗುಂಜಿ. "ಇದು ಆನೆನೂ ಅಲ್ಲ, ಹಂದಿನೂ ಅಲ್ಲ. ಕೆತ್ತಿದವನಿಗೆ ಅವತ್ತು ಹಸಿವಾಗಿತ್ತು, ಅಷ್ಟೇ."

ಕೋಪ ಮಾತ್ರ ಅಪ್ಪನದೇ ಬಂದಿದೆ. ಒಮ್ಮೆ ಇಸ್ತ್ರಿ ಅಂಗಿಯವನೊಬ್ಬ ಚೀಲದ ತುಂಬ 'ರಾಣಿ ರೂಪಾಯಿ' ತಂದು ಹೊಸಬರಿಗೆ ಮಾರಲು ಕೂತ. ಗುಂಜಿ ಒಂದನ್ನು ಅಂಗೈಗೆ ಹಾಕಿಕೊಂಡವನೇ ಮಾತಾಡದೆ ಕೊರಡಿನ ಮೇಲಿಟ್ಟು ಮಚ್ಚಿನಿಂದ ಎರಡು ಹೋಳು ಮಾಡಿದ. ಒಳಗೆ ಕೆಂಪಗೆ ತಾಮ್ರ. ಇಸ್ತ್ರಿ ಅಂಗಿಯವನು ಸೊಂಟದಿಂದ ಚೂರಿ ತೆಗೆದ. ಗುಂಜಿ ಅವನ ಕುತ್ತಿಗೆ ಹಿಡಿದು ಮುಖವನ್ನು ಕೊರಡಿಗೆ ಅಪ್ಪಳಿಸಿದ ಸದ್ದಿಗೆ ಎದುರುಗಡೆ ಚಹಾದಂಗಡಿಯವನು ಎದ್ದು ನಿಂತ. ಬಿಳಿ ಬಟ್ಟೆಯ ಮೇಲೆ ರಕ್ತ, ಅದರಲ್ಲಿ ಎರಡು ಹಲ್ಲು. ಗುಂಜಿ ಹಲ್ಲುಗಳನ್ನು ನಾಣ್ಯದ ಹೋಳುಗಳ ಜೊತೆ ಅವನ ಜೇಬಿಗೇ ಹಾಕಿ ಕಳಿಸಿದ. ಆಮೇಲೆ ಪಾಠ ಮುಂದುವರಿಸಿದ.

ಇಂಥ ತಮ್ಮನಿದ್ದೂ ನಾನು ಹದಿನಾಲ್ಕು ವರ್ಷ ಗಂಡನ ಕೈಯಲ್ಲಿ ಏಟು ತಿಂದೆ.

ನನ್ನ ಗಂಡ ಬೀಗ ರಿಪೇರಿಯವನು. ಸೈಕಲ್ಲೇ ಅವನ ಅಂಗಡಿ. ಹಿಂದೆ ಕೀಲಿಗಳ ಗೊಂಚಲು, ಮುಂದೆ ಅರಗಳ ಪೆಟ್ಟಿಗೆ. ಹೊರಗಿನವರ ಹತ್ತಿರ ಮಾತು ಬೆಣ್ಣೆಯ ಹಾಗೆ. ಮನೆ ಬಾಗಿಲು ಹಾಕಿಕೊಂಡ ಮೇಲೆ ಬೇರೆಯದೇ ಮನುಷ್ಯ. ಮದುವೆಯಾದ ಎರಡನೇ ವರ್ಷ ನನ್ನ ಕೆನ್ನೆಯ ಮೇಲೆ ಕೀಲಿಗೊಂಚಲಿನ ಗುರುತು ನೋಡಿ ಗುಂಜಿ ಅವನನ್ನು ಅಂಗಡಿಗೆ ಕರೆಸಿದ. "ಬನ್ನಿ ಭಾವ, ಕೂತ್ಕೊಳ್ಳಿ" ಅಂದವನು ಕೂರಿಸಲಿಲ್ಲ. ಅಂಗಿಯ ಕಾಲರು ಹಿಡಿದು ಎತ್ತಿ ಕುರಿ ನೇತುಹಾಕುವ ಕೊಕ್ಕೆಗೆ ಸಿಕ್ಕಿಸಿದ. ಎರಡು ಕುರಿಗಳ ನಡುವೆ ನನ್ನ ಗಂಡ ಅರ್ಧ ಗಂಟೆ ನೇತಾಡಿದ. ಗಿರಾಕಿಗಳು ಬಂದು ಮಾಂಸ ಕಟ್ಟಿಸಿಕೊಂಡು ಹೋದರು.

ನನಗೆ ಆಗ ನಗು ಬಂದಿತ್ತು. ಆಮೇಲಿನ ಹನ್ನೆರಡು ವರ್ಷ ಆ ನಗುವಿಗೆ ಪ್ರತಿಯಾಗಿ ತಿಂದೆ. ಗುರುತು ಕಾಣದ ಕಡೆ ಹೊಡೆಯುವುದನ್ನು ಅವನು ಕಲಿತ. ಪಕ್ಕೆಲುಬು ಎರಡು ಸಲ ಮುರಿಯಿತು. ಒದ್ದ ಒದೆತಕ್ಕೆ ಹೊಟ್ಟೆಯಲ್ಲಿದ್ದದ್ದು ಹೋಯಿತು. ನಾನು ಗುಂಜಿಗೆ ಹೇಳಲಿಲ್ಲ. ಹೇಳಿದರೆ ಅವನು ಮಚ್ಚು ಎತ್ತುತ್ತಿದ್ದ, ಜೈಲಿಗೆ ಹೋಗುತ್ತಿದ್ದ. ಜಾರಿ ಬಿದ್ದೆ ಅನ್ನುತ್ತಿದ್ದೆ. ಬೆಳಿಗ್ಗೆಯಿಂದ ಗುಂಜಿಯ ಅಂಗಡಿಯ ಗಲ್ಲಾದಲ್ಲಿ ಕೂರುತ್ತಿದ್ದೆ, ಸಂಜೆ ಮನೆಗೆ ಹೋಗಿ ಅಡುಗೆ ಮಾಡಿ ಬಡಿಸುತ್ತಿದ್ದೆ, ಇವನು ಸಾಯಲಿ ಎಂದು ಬಡಿಸುವಾಗೆಲ್ಲ ಅಂದುಕೊಳ್ಳುತ್ತಿದ್ದೆ.

ಸೋಮವಾರಗಳಲ್ಲಿ ಬಟ್ಟೆ ಹಾಸುವುದು, ಭೂತಗನ್ನಡಿ ಒರೆಸುವುದು ನನ್ನ ಕೆಲಸ. ಮೂಲೆಯ ಸ್ಟೂಲಿನ ಮೇಲೆ ಕೂತು ಪಾಠವೆಲ್ಲ ಕೇಳುತ್ತಿದ್ದೆ. ಹೊಸಬರು ಬಂದು ಕಲಿತು ಹೋಗುತ್ತಿದ್ದರು, ನಾನು ಅಲ್ಲೇ ಇರುತ್ತಿದ್ದೆ. ನನಗೆ ಏನು ಗೊತ್ತು ಅಂತ ಯಾರೂ ಕೇಳಲಿಲ್ಲ. ಬಟ್ಟೆ ಹಾಸುವವಳನ್ನು ಯಾರು ಕೇಳುತ್ತಾರೆ?

ಹೋದ ವರ್ಷ ಹೆಡ್‌ಮೇಷ್ಟ್ರು ಪಾಠಕ್ಕೆ ಸೇರಿದರು. ಬೀದಿಯ ಅರ್ಧ ಜನಕ್ಕೆ ಅಕ್ಷರ ಕಲಿಸಿ ನಿವೃತ್ತರಾದವರು, ಹೆಂಡತಿ ಹೋದ ಮೇಲೆ ಒಬ್ಬರೇ ಇದ್ದರು. ಮೊದಲ ದಿನ ಐದು ಬೆಳ್ಳಿ ರೂಪಾಯಿ ತಂದು ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಪಾತ್ರೆ ಉಜ್ಜುವ ಪುಡಿ ಹಾಕಿ ಬ್ರಶ್ಶಿನಲ್ಲಿ ತಿಕ್ಕಿದ್ದರು. ಹೊಸ ತಟ್ಟೆಯ ಹಾಗೆ ಫಳಫಳ ಹೊಳೆಯುತ್ತಿದ್ದವು.

ಗುಂಜಿ ಮಚ್ಚನ್ನು ಕೊರಡಿಗೆ ಹೊಡೆದ ರಭಸಕ್ಕೆ ಐದೂ ನಾಣ್ಯ ಮೇಲೆ ಹಾರಿದವು.

"ಇದು ಕೊಲೆ ಮೇಷ್ಟ್ರೇ!"

"ಯಾಕಪ್ಪಾ, ಹೊಳೀತಿದೆಯಲ್ಲ?" ಅಂದರು ಮೇಷ್ಟ್ರು, ಪಾಪ, ಬೆವರುತ್ತಾ.

"ಹೊಳೀಬಾರ್ದು! ನೂರು ವರ್ಷದ ಆ ಕಪ್ಪು ಇದೆಯಲ್ಲ, ಅದು ನಾಣ್ಯದ ಚರ್ಮ. ಸುಲಿದು ತಂದಿದ್ದೀರಿ. ಸುಲಿಯೋದು ನನ್ನ ಕಸಬು, ನಿಮ್ಮದಲ್ಲ." ಒಂದನ್ನು ಅಂಚು ಹಿಡಿದು ಬೆಳಕಿಗೆ ಓರೆ ಮಾಡಿ ತೋರಿಸಿದ. ರಾಣಿಯ ಕೆನ್ನೆಯ ಮೇಲೆಲ್ಲ ಸಣ್ಣ ಸಣ್ಣ ಸುತ್ತುಗೀರುಗಳು. "ಇನ್ನು ಇವು ಬರೀ ಬೆಳ್ಳಿ. ಸಂಗ್ರಹದಲ್ಲಿ ಇಡಬೇಡಿ. ಯಾರಿಗಾದ್ರೂ ಕೊಟ್ಟುಬಿಡಿ."

ಮೇಷ್ಟ್ರು ಹೊಟ್ಟೆಗೆ ಹಾಕಿಕೊಂಡು ಮತ್ತೆ ಬಂದರು. ವರ್ಷದಲ್ಲಿ ಒಂದೊಂದಾಗಿ ಆರು ಒಳ್ಳೆಯ ನಾಣ್ಯ ಕೊಂಡರು, ಎಲ್ಲವನ್ನೂ ಗುಂಜಿಗೆ ತೋರಿಸಿಯೇ. ಹಂದಿಯಂಥ ಆನೆಯದೂ ಒಂದಿತ್ತು. ಆ ಆರನ್ನು ಆಲ್ಬಮ್ಮಿನಲ್ಲಿ, ಉಜ್ಜಿದ ಐದನ್ನು ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇನೆ ಅಂತ ಹೇಳುತ್ತಿದ್ದರು.

ಒಂದು ಗುರುವಾರ ಬೆಳಿಗ್ಗೆ ಹನ್ನೊಂದರ ಹೊತ್ತು. ಗುಂಜಿ ಹಿತ್ತಲಲ್ಲಿ ನಲ್ಲಿ ಬಿಟ್ಟುಕೊಂಡು ಕುರಿ ಸುಲಿಯುತ್ತಿದ್ದ. ನಾನು ಗಲ್ಲಾದಲ್ಲಿದ್ದೆ. ಬೀದಿಯ ತುದಿಯಿಂದ ಕೂಗಾಟ ಕೇಳಿತು, ಹತ್ತಿರ ಬಂತು. ಮೂವತ್ತು ನಲವತ್ತು ಜನ ಒಬ್ಬನನ್ನು ಕಾಲು ಹಿಡಿದು ಎಳೆದುಕೊಂಡು ಬರುತ್ತಿದ್ದರು. ಅಂಗಿ ಹರಿದಿತ್ತು, ಮುಖ ರಕ್ತದಲ್ಲಿ ಗುರುತು ಸಿಗುತ್ತಿರಲಿಲ್ಲ. ಚಪ್ಪಲಿಯಿಂದ ಗುರುತು ಹಿಡಿದೆ. ನನ್ನ ಗಂಡ.

ಮೇಷ್ಟ್ರು ಮನೆಯಲ್ಲಿ ತಲೆ ಒಡೆದು ಬಿದ್ದಿದ್ದರಂತೆ, ಉಸಿರು ಇದ್ದೂ ಇಲ್ಲದ ಹಾಗೆ. ಆಸ್ಪತ್ರೆಗೆ ಒಯ್ದಿದ್ದಾರೆ. ನಾಣ್ಯದ ಬೀರು ಬಾಗಿಲು ತೆರೆದಿತ್ತು. ಅರ್ಧ ಗಂಟೆ ಮುಂಚೆ ಆ ಮನೆಯಿಂದ ಬೀಗದವನು ಹೊರಗೆ ಬಂದದ್ದನ್ನು ಚಹಾದಂಗಡಿಯವನು ಕಂಡಿದ್ದ. ಹಿಡಿದು ಜೇಬು ನೋಡಿದರೆ ಬೆಳ್ಳಿ ರೂಪಾಯಿಗಳು.

"ಕೂಲಿಗೆ ಕೊಟ್ಟಿದ್ದು ಕಣ್ರೋ! ಬೀರು ಕೀಲಿ ಕಳೆದಿತ್ತು, ತೆಗೆದುಕೊಟ್ಟೆ, ಮೇಷ್ಟ್ರೇ ಕೈಯಾರೆ ಕೊಟ್ಟಿದ್ದು!" ಅಂತ ನನ್ನ ಗಂಡ ಅರಚುತ್ತಿದ್ದ. ಅರಚಿದಷ್ಟೂ ಬಾಯಿಗೆ ಒದೆ ಬೀಳುತ್ತಿತ್ತು. ಬೀಗ ತೆಗೆದದ್ದಕ್ಕೆ ಬೆಳ್ಳಿ ರೂಪಾಯಿ ಯಾರು ಕೊಡುತ್ತಾರೆ?

"ಗುಂಜಿ ಎಲ್ಲಿ? ಗುಂಜಿಗೆ ತೋರಿಸಿ, ಅವನು ಹೇಳ್ಲಿ," ಅಂದ ಯಾರೋ.

"ಅವರಕ್ಕ ಇದ್ದಾಳಲ್ಲ, ದಿನಾ ನೋಡ್ತಾಳೆ, ಅವಳೇ ಹೇಳ್ತಾಳೆ."

"ಅವಳ ಗಂಡನೇ ಕಣೋ ಇವನು. ಹೇಳ್ತಾಳಾ?"

ವೆಲ್ಡಿಂಗ್ ಅಂಗಡಿಯವನು ನಾಣ್ಯಗಳನ್ನು ಕೊರಡಿನ ಮೇಲೆ ಸುರಿದ. ಅವನ ಇನ್ನೊಂದು ಕೈಯಲ್ಲಿ ಕಬ್ಬಿಣದ ಸರಳಿತ್ತು. "ನೋಡಕ್ಕಾ, ಇವು ಮೇಷ್ಟ್ರ ನಾಣ್ಯನಾ, ಅಲ್ವಾ? ಅಷ್ಟು ಹೇಳು ಸಾಕು."

ನನ್ನ ಗಂಡ ನೆಲದಿಂದ ತಲೆಯೆತ್ತಿ ನನ್ನನ್ನು ನೋಡಿದ. ನನ್ನ ಬಾಯಿಂದ ಬರುವ ಮಾತಿನ ಮೇಲೆ ಅವನ ಜೀವ ನಿಂತಿತ್ತು. ಅದು ಅವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಒಂದು ನಾಣ್ಯವನ್ನು ಅಂಚು ಹಿಡಿದು ಎತ್ತಿ ಬೆಳಕಿಗೆ ಓರೆ ಮಾಡಿದೆ. ರಾಣಿಯ ಕೆನ್ನೆಯ ಮೇಲೆ ಸುತ್ತುಗೀರು. ಉಳಿದವನ್ನೂ ಒಂದೊಂದಾಗಿ ನೋಡಿದೆ. ಆತುರ ಮಾಡಲಿಲ್ಲ.

"ಮೇಷ್ಟ್ರ ನಾಣ್ಯಗಳೇ," ಅಂದೆ.

ಅದು ನಿಜವಾದ ಮಾತು. ಒಂದಕ್ಷರ ಸುಳ್ಳಿಲ್ಲ.

ಅವರು ಅವನ ಎರಡೂ ಕೈಗಳನ್ನು ಎಳೆದು ನಮ್ಮ ಅಂಗಡಿಯ ಕಲ್ಲು ಮೆಟ್ಟಿಲ ಮೇಲೆ ಚಾಚಿ ಹಿಡಿದರು. "ಕದ್ದ ಕೈ ಇವೇ ಅಲ್ವಾ?" ಅಂತ ವೆಲ್ಡಿಂಗಿನವನು ಸರಳು ಎತ್ತಿದ. ಮೊದಲ ಏಟಿಗೆ ಬಲಗೈ. ಮೂಳೆಯ ಸದ್ದು ಮಾಂಸದಂಗಡಿಯಲ್ಲಿ ಬೆಳೆದ ನನಗೆ ಹೊಸದಲ್ಲ. ನಾಲ್ಕು ಏಟು ಬಿದ್ದವು. ಐದನೆಯದು ಎಡಗೈಗೆ. ಬೆರಳುಗಳು ಬೇರೆ ಬೇರೆ ದಿಕ್ಕಿಗೆ ತಿರುಗಿಕೊಂಡವು. ಅವನ ಅರಚಾಟ ಮನುಷ್ಯರದಾಗಿ ಉಳಿದಿರಲಿಲ್ಲ.

ಅದನ್ನು ಕೇಳಿ ಗುಂಜಿ ಹಿತ್ತಲಿಂದ ಬಂದ. ಮೊಣಕೈವರೆಗೆ ಕುರಿಯ ರಕ್ತ. "ಏನ್ರೋ ಇದು?"

"ಮೇಷ್ಟ್ರನ್ನ ಹೊಡೆದು ನಾಣ್ಯ ಕದ್ದಿದಾನೆ. ನಿಮ್ಮಕ್ಕನೇ ಗುರುತು ಹಿಡಿದ್ಲು."

ಗುಂಜಿ ಕೊರಡಿನ ಕಡೆ ನೋಡಿದ. ಐದು ನಾಣ್ಯ. ಎತ್ತಿ ಕೂಡ ನೋಡಲಿಲ್ಲ.

"ಉಳಿದ ಆರು ಎಲ್ಲಿ?"

ಸರಳು ಈಗ ನನ್ನ ಗಂಡನ ತಲೆಯ ಮೇಲೆ ಎದ್ದಿತ್ತು. ಗುಂಜಿ ಕೊರಡಿನಿಂದ ಮಚ್ಚು ಕಿತ್ತುಕೊಂಡು ಮೆಟ್ಟಿಲಿಂದ ಹಾರಿದ, ಮಚ್ಚಿನ ಚಪ್ಪಟೆಯಿಂದ ವೆಲ್ಡಿಂಗಿನವನ ದವಡೆಗೆ ಬಾರಿಸಿದ. ಅವನು ಮಾತಿಲ್ಲದೆ ಕುಸಿದ. ಹಿಂದಿನಿಂದ ಯಾರೋ ಗುಂಜಿಯ ಬೆನ್ನಿಗೆ ಇಟ್ಟಿಗೆಯಲ್ಲಿ ಹೊಡೆದರು. ಅವನು ತಿರುಗಿ ಕೂಡ ನೋಡಲಿಲ್ಲ. ನನ್ನ ಗಂಡನ ಎರಡೂ ಪಕ್ಕಕ್ಕೆ ಕಾಲೂರಿ ನಿಂತುಬಿಟ್ಟ.

"ಇನ್ನು ಯಾವನಾದ್ರೂ ಮುಂದೆ ಬಂದ್ರೆ ಚಪ್ಪಟೆಯಲ್ಲಿ ಹೊಡೆಯಲ್ಲ, ಮಚ್ಚಿನ ಬಾಯಲ್ಲೇ ಹೊಡೀತೀನಿ. ಒಬ್ಬ ಓಡಿಹೋಗಿ ಮೇಷ್ಟ್ರ ಬೀರಲ್ಲಿ ಆಲ್ಬಮ್ ಇದೆಯಾ ನೋಡ್ರೋ!"

ಚಹಾದಂಗಡಿಯವನು ಓಡಿದ. ಅವನು ವಾಪಸು ಬರುವವರೆಗೆ ಗುಂಜಿ ಮಚ್ಚು ಇಳಿಸಲಿಲ್ಲ. ಗುಂಪು ಬೈಯುತ್ತಾ, ಉಗಿಯುತ್ತಾ ಸುತ್ತ ನಿಂತಿತ್ತು. ಆಲ್ಬಮ್ ಬಂತು. ಬೀರುವಿನ ಮೇಲಿನ ಖಾನೆಯಲ್ಲೇ ಕಣ್ಣಿಗೆ ಕಾಣುವ ಹಾಗಿತ್ತಂತೆ. ಆರೂ ನಾಣ್ಯ ಅದರಲ್ಲಿದ್ದವು.

"ನೋಡಿದ್ರಾ?" ಅಂದ ಗುಂಜಿ. "ಕಳ್ಳ ಆಗಿದ್ರೆ ಹನ್ನೊಂದನ್ನೂ ಬಾಚ್ಕೊಂಡು ಹೋಗ್ತಿದ್ದ. ಹಾಳಾದ ಐದನ್ನೇ ಆರಿಸ್ಕೊಂಡು ಹೋಗೋಕೆ ಇವನಿಗೆ ಉಜ್ಜಿದ್ದು ಯಾವುದು, ಉಜ್ಜದ್ದು ಯಾವುದು ಅಂತ ಗೊತ್ತಾ? ಯಾರಿಗಾದ್ರೂ ಕೊಟ್ಟುಬಿಡಿ ಅಂತ ಮೇಷ್ಟ್ರಿಗೆ ಹೇಳಿದವನು ನಾನು. ಕೊಟ್ಟಿದಾರೆ. ಇವನು ಹೇಳಿದ್ದು ನಿಜ ಕಣ್ರೋ."

ಗುಂಪು ಕರಗಲು ಎರಡು ನಿಮಿಷ ಹಿಡಿಯಲಿಲ್ಲ. ಅಷ್ಟೊಂದು ಜನ ಎಲ್ಲಿಗೆ ಹೋದರೋ, ನೆಲದಲ್ಲಿ ಚಪ್ಪಲಿಗಳು ಮಾತ್ರ ಉಳಿದವು. ಗುಂಜಿ ಭಾವನನ್ನು ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೆ ನಡೆದ.

ನಾಲ್ಕನೇ ದಿನ ಮೇಷ್ಟ್ರಿಗೆ ಎಚ್ಚರವಾಯಿತು. ಬೀರು ತೆಗೆಸಿ, ಕೂಲಿ ಕೊಟ್ಟು ಕಳಿಸಿ, ಖಾಲಿ ಡಬ್ಬಿಯನ್ನು ಬೀರುವಿನ ನೆತ್ತಿಯ ಮೇಲಿಡಲು ಸ್ಟೂಲು ಹತ್ತಿದ್ದರಂತೆ. ಸ್ಟೂಲು ಜಾರಿತು. ಅವರನ್ನು ಯಾರೂ ಹೊಡೆದಿರಲಿಲ್ಲ. ಪಕ್ಕದ ವಾರ್ಡಿಗೆ ಬಂದು ನನ್ನ ಗಂಡನ ಬ್ಯಾಂಡೇಜು ಸುತ್ತಿದ ಕೈಗಳನ್ನು ನೋಡಿ ಆ ಮುದುಕರು ಗೊಳೋ ಎಂದು ಅತ್ತರು.

ಬಲಗೈಯ ಮೂರು ಬೆರಳು ತೆಗೆದರು. ಎಡಗೈ ಮಡಚುವುದಿಲ್ಲ. ಅವನು ಇನ್ನು ಕೀಲಿ ಹಿಡಿಯುವಂತಿಲ್ಲ, ಲೋಟ ಹಿಡಿಯುವಂತಿಲ್ಲ, ನನ್ನ ಜುಟ್ಟು ಹಿಡಿಯುವಂತಿಲ್ಲ. ಮೂರು ಹೊತ್ತೂ ನಾನೇ ತುತ್ತು ಮಾಡಿ ಬಾಯಿಗಿಡುತ್ತೇನೆ. ನೋಡಲು ಬಂದವರು ನನ್ನ ಮುಖ ನೋಡಿ ಸುಮ್ಮನಾದರೆ ಅವನೇ ಸಮಾಧಾನ ಹೇಳುತ್ತಾನೆ: "ಅವಳದೇನು ತಪ್ಪು? ಕಂಡಿದ್ದು ಹೇಳಿದ್ಲು. ಪಾಪ, ಅವಳಿಗೆ ಅಷ್ಟೆಲ್ಲ ಎಲ್ಲಿ ಗೊತ್ತಾಗುತ್ತೆ." ಈಗ ನನ್ನನ್ನು ಹೆಸರು ಹಿಡಿದು ಮೆತ್ತಗೆ ಕರೆಯುತ್ತಾನೆ. ನನಗೆ ರಾತ್ರಿ ನಿದ್ದೆ ಬರುತ್ತದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಬರುತ್ತದೆ.

ಗುಂಜಿ ಸೋಮವಾರದ ಪಾಠ ಬಿಡಲಿಲ್ಲ. ಹೊಸಬರಿಗೆ ಈ ಕಥೆಯನ್ನೂ ಹೇಳತೊಡಗಿದ, ನನ್ನ ಕಡೆ ನೋಡದೆ. "ನಮ್ಮಕ್ಕ ನಾಣ್ಯ ಸರಿಯಾಗೇ ಗುರುತಿಸಿದ್ಲು. ಆದ್ರೆ ಎದುರಿಗೆ ಏನಿಲ್ಲ ಅನ್ನೋದನ್ನ ನೋಡ್ಲಿಲ್ಲ. ಹೊಸಬರು ಮಾಡೋ ತಪ್ಪು ಅದು. ಯಾರು ಬೇಕಾದ್ರೂ ಮಾಡ್ತಾರೆ." ಅವನು ನನ್ನ ಮರ್ಯಾದೆ ಕಾಯುತ್ತಿದ್ದ. ಮೂರು ಸೋಮವಾರ ಕೇಳಿ ಸುಮ್ಮನಿದ್ದೆ. ನಾಲ್ಕನೆಯ ಸೋಮವಾರ ಎಲ್ಲರೂ ಹೋದ ಮೇಲೆ, ಕೊರಡಿನ ಮೇಲೆ ಉಳಿದಿದ್ದ ಅವನ ರೂಪಾಯಿಯೊಂದನ್ನು ಡಬ್ಬಿಗಿಡಲು ಎತ್ತಿಕೊಂಡವಳು ಹೇಳಿಬಿಟ್ಟೆ.

"ನೋಡಿದ್ದೆ ಕಣೋ."

"ಏನನ್ನ?"

"ಐದೇ ಇತ್ತು. ಐದೂ ಉಜ್ಜಿದ್ದು. ಮೇಷ್ಟ್ರೇ ಕೊಟ್ಟಿದಾರೆ ಅಂತ ಆಗ್ಲೇ ಗೊತ್ತಾಯ್ತು. ಗೊತ್ತಿದ್ದೇ ಹೇಳಿದೆ."

ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಸ್ಟೂಲಿನ ಮೇಲೆ ಕೂತ.

"ಅಷ್ಟು ಹೊಡೀತಿದ್ನಾ?"

"ಹ್ಞೂಂ."

"ನನಗೆ ಹೇಳ್ಬೇಕಿತ್ತು."

"ಹೇಳಿದ್ರೆ ಕಡಿದುಹಾಕ್ತಿದ್ದೆ ನೀನು."

"ಕಡೀತಿದ್ದೆ," ಅಂದ ಗುಂಜಿ. "ಮಚ್ಚಲ್ಲಿ ಕಡೀತಿದ್ದೆ ಅಕ್ಕ. ನಾಣ್ಯ ತೋರ್ಸಿ ಅಲ್ಲ."

ಎದ್ದು ಬಂದು ನನ್ನ ಕೈಯಲ್ಲಿದ್ದ ರೂಪಾಯಿಯನ್ನು ಮೆಲ್ಲಗೆ ಬಿಡಿಸಿಕೊಂಡ. ಅಂಗಡಿಯ ಕೀಲಿ ಇವತ್ತಿಗೂ ನನ್ನ ಹತ್ತಿರವೇ ಇದೆ. ಹರಿತವಾದ ಕತ್ತಿಗಳನ್ನು ತೊಳೆದಿಡು ಅಂತ ನನ್ನ ಕೈಗೇ ಕೊಡುತ್ತಾನೆ. ಸೋಮವಾರದ ಬಟ್ಟೆಯನ್ನು ಈಗ ಅವನೇ ಹಾಸುತ್ತಾನೆ, ಅವನೇ ಮಡಚುತ್ತಾನೆ. ನಾಣ್ಯವನ್ನು ಮಾತ್ರ ನನ್ನ ಕೈಗೆ ಕೊಡುವುದಿಲ್ಲ.